ಏಳನೇ ಕಾಲಂ

ಮಾರಿಕಣಿವೆಯ ಪ್ರವಾಸಿ ಮಂದಿರದಲ್ಲಿ
ಭಾನುವಾರ ಹನ್ನೊಂದಕ್ಕೆ ಸಭೆ ಎಂದು
ಪಂಪ್‌ಹೌಸಿನ ಗೋಡೆಗೆ ನೋಟೀಸು ಹಚ್ಚಿದ್ದರು:
‘ಹವ್ಯಾಸಿ ಮೀನುಗಾರರ ಅಭಿಪ್ರಾಯ ಸಂಗ್ರಹ.’
ನಮಗೆ ಇಂಥದೊಂದು ಹೆಸರಿದೆ ಎಂದು
ಗೊತ್ತಾದದ್ದು ಅವತ್ತೇ.
ಮನೆಯಲ್ಲಿ ಕರೆಯುವುದು ಬೇರೆ.

ಬಂದವರು ಒಂಬತ್ತು ಜನ.
ರಿಟೈರಾದ ಕಂಡಕ್ಟರ್ ಪಾಲಯ್ಯ,
ಗಡಿಯಾರ ರಿಪೇರಿಯ ಜಬೀವುಲ್ಲಾ,
ಭಾನುವಾರವೇ ಕೋಳಿ ಅಂಗಡಿ ಮುಚ್ಚಿ
ಮೀನಿಗೆ ಬರುವ ಓಬಳೇಶ,
ಇನ್ನೂ ಯಾರ್ಯಾರೋ. ಮತ್ತೆ ನಾನು,
ಹಿರಿಯೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ
ಹುಣಸೆ ಮರದಡಿ ಮೂವತ್ತೊಂದು ವರ್ಷದಿಂದ
ಕ್ರಯಪತ್ರ ಬರೆಯುವವನು.

ಡಾಕ್ಟರ್ ಶಶಿರೇಖಾ ಪರದೆಯ ಮೇಲೆ ತೋರಿಸಿದರು:
ದೋಣಿಯ ಹಿಂದೆ ಗಾಳಿಯ ಬಂದೂಕು,
ಹತ್ತು ಸೆಕೆಂಡಿಗೊಮ್ಮೆ ಒಂದು ಢಂ.
ಸದ್ದು ನೀರು ದಾಟಿ, ಹೂಳು ದಾಟಿ, ಬಂಡೆಗೆ ಬಡಿದು
ತಿರುಗಿ ಬರುವುದನ್ನು ಕೇಳಲು ಉದ್ದನೆಯ ವೈರು.
ಹದಿನೆಂಟು ದಿನ.
ತಳದಲ್ಲಿ ಬಿರುಕು ಎಲ್ಲಿದೆ ನೋಡಬೇಕಂತೆ.
‘ಮೀನು ಸಾಯೋದಿಲ್ಲ,’ ಅಂದರು,
‘ಸ್ವಲ್ಪ ದಿನ ದೂರ ಹೋಗ್ತಾವೆ.’

‘ದೂರ ಅಂದ್ರೆ ಎಲ್ಲಿಗೆ ಮೇಡಂ?’ ಪಾಲಯ್ಯ ಎದ್ದ.
‘ಈ ಕಡೆ ಕಟ್ಟೆ, ಎರಡೂ ಕಡೆ ಗುಡ್ಡ.
ಮೀನಿಗೇನು ಹೊಸದುರ್ಗಕ್ಕೆ ಬಸ್ ಐತಾ?’
ಅವರು ಮ್ಯಾಪು ನೋಡಿದರು, ನಗಲಿಲ್ಲ:
‘ಹಿನ್ನೀರು ಆ ಕಡೆಗೇ ಇದೆಯಲ್ಲ.’
ಪಾಲಯ್ಯ ಕೂತ,
ಟಿಕೆಟ್ ಹರಿಯುವ ಬೆರಳುಗಳನ್ನು ಸುಮ್ಮನೆ ಆಡಿಸುತ್ತ.

ಜಬೀವುಲ್ಲಾ ಕೇಳಿದ್ದು ಒಂದೇ:
‘ಹತ್ತು ಸೆಕೆಂಡ್ ಅಂದ್ರೆ ಕರೆಕ್ಟಾಗಿ ಹತ್ತಾ?’
‘ಕೂದಲೆಳೆಯಷ್ಟೂ ತಪ್ಪೋದಿಲ್ಲ.’
‘ಒಳ್ಳೇ ಮಿಷನ್ನು,’ ಅಂದ ಅವನು.
ಆರು ದಿನ ನಲವತ್ತು ಗಡಿಯಾರದ ನಡುವೆ ಕೂತು
ಏಳನೆಯ ದಿನ ಇಲ್ಲಿಗೆ ಬರುವವನು
ಅಷ್ಟೇ ಅಂದ.

ಆಮೇಲೆ ಫಾರಂ.
ಒಂಬತ್ತೂ ನನ್ನ ಮುಂದೆಯೇ ಬಂದವು, ಬರೆಯುವವನಿದ್ದಾನಲ್ಲ.
ಹೆಸರು, ತಂದೆಯ ಹೆಸರು, ಗಾಳವೋ ಬಲೆಯೋ,
ವಾರಕ್ಕೆಷ್ಟು ಕೆ.ಜಿ.
‘ಜಿಲೇಬಿ ಮೀನು, ಅರ್ಧ ಕೆ.ಜಿ. ಅಂತ ಬರಿ.
ಏನೂ ಸಿಗದ ವಾರಾನೇ ಜಾಸ್ತಿ, ಅದನ್ನ ಬರೀಬೇಡ.’
ಏಳನೇ ಕಾಲಂ:
ಸಮೀಕ್ಷೆಯಿಂದ ನಿಮಗಾಗುವ ನಷ್ಟ, ರೂಪಾಯಿಗಳಲ್ಲಿ.

ಚೆಕ್ಕುಬಂದಿ ಬರೆದು ಸವೆದ ಕೈ ಇದು.
ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ.
ಆರರಿಂದ ಹತ್ತರವರೆಗೆ ಬೆಂಡು ನೋಡುತ್ತ ಕೂತದ್ದಕ್ಕೆ
ಏನಂತ ಬರೆಯಲಿ?
ಪೂರ್ವಕ್ಕೆ ಜಬೀವುಲ್ಲಾನ ಕೆಮ್ಮು.
ಪಶ್ಚಿಮಕ್ಕೆ ನೀರು.
ಉತ್ತರಕ್ಕೂ ನೀರು.
ದಕ್ಷಿಣಕ್ಕೆ, ಗುಡ್ಡದ ನೆತ್ತಿಯಲ್ಲಿ
ತಿರುಗುವುದನ್ನು ಮರೆತು ನಿಂತ ಗಾಳಿಯಂತ್ರ.
ಈ ಮಧ್ಯೆ ಇರುವ ಸ್ವತ್ತು…
ಪೆನ್ನು ಅಲ್ಲೇ ನಿಂತಿತು.

ಓಬಳೇಶನದು ಮಾತ್ರ ತುಂಬಿದೆ: ಸೊನ್ನೆ.
ಮೂರು ಭಾನುವಾರ ಅಂಗಡಿ ತೆರೆದರೆ ಲಾಭವೇ ಅವನಿಗೆ.
ಅದಕ್ಕೇ ಅವನ ಮುಖ ಸಣ್ಣಗಾಗಿತ್ತು.

ಚಿತ್ರಾನ್ನದ ಪೊಟ್ಟಣ ಹಿಡಿದು ಡಾಕ್ಟರಮ್ಮ
ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತರು.
‘ನಂದೂ ಇದೇ ಕೆಲಸ ಸಾರ್.
ಸದ್ದು ಇಳಿಸೋದು, ಗೆರೆ ಅಲುಗುತ್ತಾ ಅಂತ
ರಾತ್ರಿಯೆಲ್ಲ ನೋಡ್ತಾ ಕೂರೋದು.
ಎಷ್ಟೋ ಸಲ ಏನೂ ಇರೋದಿಲ್ಲ.’
‘ನಿಮ್ಮದಕ್ಕೆ ಸಂಬಳ ಇದೆ’
ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು.
ಅವರು ಬೆಂಡನ್ನೇ ನೋಡುತ್ತಿದ್ದರು,
ತುತ್ತು ಕೈಯಲ್ಲೇ ಉಳಿದಿತ್ತು.
ಎರೆಹುಳದ ಡಬ್ಬಿಯನ್ನು ಮೆಲ್ಲಗೆ ಆ ಕಡೆ ಸರಿಸಿದೆ.

ಪತ್ರದಲ್ಲಿ ಖಾಲಿ ಉಳಿದ ಜಾಗಕ್ಕೆ
ಗೀಟು ಎಳೆಯಬೇಕು, ನಾಳೆ ಯಾರೂ ಏನೂ ತುಂಬದ ಹಾಗೆ.
ನನ್ನ ಗುರು ಕಲಿಸಿದ ಮೊದಲ ಪಾಠ.
ಎಂಟು ಫಾರಂ ಮಡಚಿ ಕೊಟ್ಟೆ,
ಏಳನೇ ಕಾಲಮಿಗೆ
ಗೀಟು ಎಳೆಯದೆ.